ಗಾಜಿನಲ್ಲಿ ಉಳಿದಿದ್ದ ಬಣ್ಣ

ಬುಖಾರಾದ ಅಮೀರ ಅಲೀಂ ಖಾನ್ ಹೂವಿನ ಚಿತ್ತಾರದ ನೀಲಿ ನಿಲುವಂಗಿ ತೊಟ್ಟು, ಕೈಯಲ್ಲಿ ಕತ್ತಿ ಹಿಡಿದು ಕೂತಿದ್ದಾರೆ. ಇದು 1911ರ ಫೋಟೊ ಎಂದರೆ ಬಹಳ ಮಂದಿ ನಂಬುವುದಿಲ್ಲ. ಈಚೆಗೆ ಯಾರೋ ಬಣ್ಣ ತುಂಬಿರಬೇಕು ಎನ್ನುತ್ತಾರೆ. ಯಾರೂ ತುಂಬಿಲ್ಲ. ಆ ನೀಲಿ ಅಂದೇ ದಾಖಲಾಗಿತ್ತು, ಅದೂ ಕಪ್ಪುಬಿಳುಪಿನಲ್ಲಿ.

ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಒಂದೇ ದೃಶ್ಯವನ್ನು ಮೂರು ಸಲ ತೆಗೆದು, ಅದದೇ ಬಣ್ಣದ ಬೆಳಕಿನಲ್ಲಿ ಪರದೆಯ ಮೇಲೆ ಒಂದಾಗಿಸಿದರೆ ಬಣ್ಣ ಮರಳುತ್ತದೆ ಎಂಬುದನ್ನು 1861ರಲ್ಲೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ತೋರಿಸಿದ್ದರು. ರಷ್ಯದ ಸೆರ್ಗೆಯ್ ಪ್ರೊಕುದಿನ್-ಗೋರ್ಸ್ಕಿ ಈ ವಿದ್ಯೆಯನ್ನು 1902ರಲ್ಲಿ ಬರ್ಲಿನ್ನಿನ ಅಡಾಲ್ಫ್ ಮೀಥೆ ಬಳಿ ಕಲಿತರು. 1909ರಿಂದ, ತ್ಸಾರ್ ಎರಡನೇ ನಿಕೋಲಸ್ ಕೊಡಿಸಿದ ರೈಲು ಬೋಗಿಯ ಡಾರ್ಕ್‌ರೂಮಿನೊಂದಿಗೆ ಸಾಮ್ರಾಜ್ಯ ಸುತ್ತಿ ಗಾಜಿನ ಮೇಲೆ ಫೋಟೊ ತೆಗೆದರು; ಅಮೀರರದೂ ಅವುಗಳಲ್ಲೊಂದು. ಕ್ರಾಂತಿಯ ನಂತರ ದೇಶ ಬಿಟ್ಟ ಅವರು 1944ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಗಾಜಿನ ನೆಗೆಟಿವ್‌ಗಳನ್ನು ಕೊಂಡಿತು.

ಮೂರೂ ಚಿತ್ರಗಳನ್ನು ಪರದೆಯ ಮೇಲೆ ಕೂಡಿಸಲು ಅಂದು ಮೂರು ಮಸೂರದ ಪ್ರೊಜೆಕ್ಟರ್ ಇತ್ತು; ಆ ಕೆಲಸವನ್ನು 2000ದ ಹೊತ್ತಿಗೆ ಕಂಪ್ಯೂಟರ್ ಕೈಗೆತ್ತಿಕೊಂಡಿತು. ಉದ್ದನೆಯ ಗಾಜಿನ ಮೇಲೆ ಒಂದರ ಕೆಳಗೊಂದು ಮೂರು ಚಿತ್ರಗಳಿರುತ್ತವೆ: ಮೇಲಿನದು ನೀಲಿಯದು, ನಡುವಿನದು ಹಸಿರಿನದು, ಕೆಳಗಿನದು ಕೆಂಪಿನದು. ಸ್ಕ್ಯಾನ್ ಮಾಡಿ, ನೆಗೆಟಿವನ್ನು ಪಾಸಿಟಿವ್ ಆಗಿಸಿ, ಮೂರನ್ನೂ ಕತ್ತರಿಸಿ ಫೋಟೊಶಾಪ್‌ನಲ್ಲಿ ಆಯಾ ಬಣ್ಣದ ಚಾನೆಲ್‌ಗೆ ಹಾಕಬೇಕು. ಆಮೇಲಿನದೇ ನಿಜವಾದ ಕೆಲಸ. ಕೂದಲೆಳೆಯಷ್ಟು ಸರಿದರೂ ಕಿಟಕಿಯ ಅಂಚಿಗೆ ಕೆಂಪು ಗೆರೆ ಮೂಡುತ್ತದೆ. ಒಂದು ಮೂಲೆ ಕೂಡಿಸಿದರೆ ಇನ್ನೊಂದು ಜಾರುತ್ತದೆ. ಲೈಬ್ರರಿಯ 2001ರ ಪ್ರದರ್ಶನಕ್ಕಾಗಿ ವಾಲ್ಟರ್ ಫ್ರಾಂಕ್‌ಹೌಸರ್ ಒಂದೊಂದನ್ನೂ ಹೀಗೆ ಕೈಯಾರೆ ಕೂಡಿಸಿದರು. 2004ರಲ್ಲಿ ಬ್ಲೇಸ್ ಅಗುವೆರಾ ಇ ಆರ್ಕಾಸ್ ಬರೆದ ಪ್ರೋಗ್ರಾಂ 1,902 ನೆಗೆಟಿವ್‌ಗಳನ್ನೂ ತಾನಾಗಿಯೇ ಹೊಂದಿಸಿತು.

ಆದರೆ ಹರಿಯುವ ನೀರು ಯಾವ ಪ್ರೋಗ್ರಾಮಿಗೂ ಬಗ್ಗುವುದಿಲ್ಲ. ಮೂರು ಚಿತ್ರಗಳ ನಡುವೆ ಕೆಲವು ಕ್ಷಣ ಕಳೆದಿರುತ್ತವೆ; ದಡದ ಮನೆ ನಿಂತಲ್ಲೇ ಇದ್ದರೂ ಅಲೆ ಮುಂದೆ ಹೋಗಿರುತ್ತದೆ. ಹಾಗಾಗಿ ಹೊಳೆಯ ಮೇಲೆ ಕೆಂಪು, ಹಸಿರು, ನೀಲಿ ಗೀರುಗಳು ಚದುರಿ ನಿಲ್ಲುತ್ತವೆ. ಕೆಲವರು ಇದನ್ನು ದೋಷವೆಂದು ಅಳಿಸುತ್ತಾರೆ. ಅಳಿಸಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಳಿಸಿದ ಜಾಗಕ್ಕೆ ಬರುವ ನೀರು ನಮ್ಮ ಊಹೆಯದು. ಈ ಗೀರುಗಳಲ್ಲಿರುವುದು ಗೋರ್ಸ್ಕಿ ಗಾಜು ಸರಿಸುವಷ್ಟರಲ್ಲಿ ಹರಿದುಹೋದ ನೀರು.