ಹಳೆ ಜೀಪಿನ ದೋಷ ಹಿಡಿಯುವ ವಿದ್ಯೆ

ಹಳೆ ಜೀಪಿನಲ್ಲಿ ದೋಷ ಹುಡುಕುವುದೆಂದರೆ ಎರಡು ದಾರಿಗಳ ಬೆನ್ನು ಹಿಡಿದು ಹೋಗುವುದು. ಒಂದು, ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಮತ್ತೆ ಬ್ಯಾಟರಿಗೇ ಮರಳುವ ದಾರಿ. ಇನ್ನೊಂದು, ಎಂಜಿನ್ನಿನ ತಿರುಗುಬಲ ಕ್ಲಚ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್ ಹೌಸಿಂಗ್‌ಗಳನ್ನು ದಾಟಿ ಚಕ್ರ ಮುಟ್ಟುವ ದಾರಿ. ಈ ಗಾಡಿಯಲ್ಲಿ ಕಂಪ್ಯೂಟರಿಲ್ಲ, ಸೆನ್ಸರ್ ಇಲ್ಲ. ಎಲ್ಲಿ ಕೆಟ್ಟಿದೆ ಎಂದು ಯಾವ ದೀಪವೂ ಹತ್ತಿ ಹೇಳುವುದಿಲ್ಲ. ದಾರಿಯ ಯಾವ ತುಂಡಿನಲ್ಲಿ ತೊಂದರೆ ಇದೆ ಎಂದು ಬಿಚ್ಚುವ ಮೊದಲೇ ನಿಶ್ಚಯಿಸಿಕೊಂಡರೆ ಕೆಲಸದ ಮುಕ್ಕಾಲು ಪಾಲು ಮುಗಿದಂತೆ.

ಈ ವಾಹನದ ಮೂಲ ಅಮೆರಿಕದ ವಿಲ್ಲಿಸ್ ಎಂಬಿ. 1941ರಿಂದ 1945ರವರೆಗೆ ಯುದ್ಧಕ್ಕಾಗಿ ತಯಾರಾದ ಈ ಮಾದರಿಯನ್ನು ಫೋರ್ಡ್ ಕಂಪನಿಯೂ ಜಿಪಿಡಬ್ಲ್ಯೂ ಹೆಸರಿನಲ್ಲಿ ಕಟ್ಟಿತು. ಯುದ್ಧದ ನಂತರ ಬಂದ ಸಿಜೆ ಸಾಲಿನ ಜೀಪುಗಳು ಸಾರ್ವಜನಿಕರ ಕೈಸೇರಿದವು. ಭಾರತದಲ್ಲಿ 1940ರ ದಶಕದ ಕೊನೆಗೆ ಮಹೀಂದ್ರ ಇವುಗಳನ್ನು ಜೋಡಿಸಲು ಆರಂಭಿಸಿ, ಮುಂದೆ ಸಿಜೆ-3ಬಿ ಮಾದರಿಯ ವಂಶವನ್ನು ದಶಕಗಳ ಕಾಲ ಬೆಳೆಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಕೊಡಚಾದ್ರಿ ಮತ್ತು ಮಾಂದಲಪಟ್ಟಿಯ ಏರುಗಳಲ್ಲಿ ಇಂದಿಗೂ ಕಾಣುವ ಜೀಪುಗಳು ಆ ವಂಶದವೇ. ಎಂಜಿನ್ ಪೆಟ್ರೋಲಿನಿಂದ ಡೀಸೆಲಿಗೆ ಬದಲಾಗಿರಬಹುದು, ಗೇರುಗಳು ಮೂರರಿಂದ ನಾಲ್ಕಾಗಿರಬಹುದು. ದೋಷ ಹುಡುಕುವ ಕ್ರಮ ಮಾತ್ರ ಅದೇ.

ಕರೆಂಟಿನ ಕೆಲಸ ಬ್ಯಾಟರಿಯಿಂದಲೇ ಶುರುವಾಗಬೇಕು. ಪೂರ್ತಿ ಚಾರ್ಜಾಗಿ ಸ್ವಲ್ಪ ಹೊತ್ತು ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ತೋರಿಸುತ್ತದೆ, 6 ವೋಲ್ಟಿನದು 6.3. ಆದರೆ ಸುಮ್ಮನಿರುವ ಬ್ಯಾಟರಿಯ ಅಂಕಿಯನ್ನಷ್ಟೇ ನಂಬಿದರೆ ಮೋಸ ಹೋಗುವ ಸಂಭವ ಹೆಚ್ಚು. ಸೆಲ್ಫ್ ಹೊಡೆಯುವಾಗ 12 ವೋಲ್ಟಿನ ಬ್ಯಾಟರಿ 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲವಾಗಿರಬೇಕು, ಇಲ್ಲವೇ ಸೆಲ್ಫ್ ಮೋಟರ್ ಅತಿಯಾಗಿ ಎಳೆಯುತ್ತಿರಬೇಕು. ಬ್ಯಾಟರಿಯ ವೋಲ್ಟೇಜು ಗಟ್ಟಿಯಾಗಿ ನಿಂತಿದ್ದೂ ಸೆಲ್ಫ್ ನಿಧಾನವಾಗಿ ತಿರುಗಿದರೆ ನಡುವಿನ ದಾರಿಯಲ್ಲಿ ತಡೆ ಇದೆ ಎಂದರ್ಥ.

ಆ ತಡೆ ಬಹುಮಟ್ಟಿಗೆ ಇರುವುದು ಹಿಂದಿರುಗುವ ದಾರಿಯಲ್ಲಿ, ಅಂದರೆ ಅರ್ತ್‌ನಲ್ಲಿ. ವಯರುಗಳನ್ನು ಎಲ್ಲರೂ ನೋಡುತ್ತಾರೆ. ಚಾಸಿಸ್ಸು, ಬಾಡಿ, ಎಂಜಿನ್ ಬ್ಲಾಕ್ ಕೂಡ ತಂತಿಯ ಕೆಲಸ ಮಾಡುತ್ತಿವೆ ಎಂಬುದು ಮರೆತುಹೋಗುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುವುದರಿಂದ ಅದನ್ನು ಚಾಸಿಸ್ಸಿಗೆ ಜೋಡಿಸುವ ಅರ್ತ್ ಪಟ್ಟಿ ಇರಲೇಬೇಕು. ಪಟ್ಟಿ ತುಕ್ಕು ಹಿಡಿದು ತುಂಡಾದರೆ ಸೆಲ್ಫಿನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ: ಚೋಕ್ ಕೇಬಲ್, ಆಕ್ಸಲರೇಟರಿನ ಕೊಂಡಿ, ಸ್ಪೀಡೋಮೀಟರ್ ಕೇಬಲ್. ಸೆಲ್ಫ್ ಹೊಡೆದ ಕೂಡಲೇ ಚೋಕ್ ಕೇಬಲ್ ಬಿಸಿಯಾದರೆ ಬೇರೆ ಪರೀಕ್ಷೆ ಬೇಡ. ಅನುಮಾನ ಉಳಿದರೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಮುಟ್ಟಿಸಿ ಸೆಲ್ಫ್ ಹೊಡೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ನಡುವೆಯೇ ದೋಷವಿದೆ. ಹೊಸ ಸೆಲ್ಫ್ ಮೋಟರ್ ಕೊಳ್ಳುವ ಮೊದಲು ಈ ಎರಡು ನಿಮಿಷದ ಪರೀಕ್ಷೆ ಮಾಡಲೇಬೇಕು. ಮಾಡದೆ ದುಡ್ಡು ಸುರಿದವರು ಬಹಳ.

ಮೂಲ ವಿಲ್ಲಿಸ್‌ನಂಥ 6 ವೋಲ್ಟಿನ ಗಾಡಿಯಲ್ಲಿ ಇದು ಇನ್ನೂ ಸೂಕ್ಷ್ಮ. 60 ವ್ಯಾಟ್ ಬೆಳಕಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ 10 ಬೇಕು. ದಾರಿಯಲ್ಲಿ 0.1 ಓಮಿನಷ್ಟು ತುಕ್ಕು ಕೂತಿದ್ದರೆ ಮೊದಲನೆಯದರಲ್ಲಿ 12ರಲ್ಲಿ ಅರ್ಧ ವೋಲ್ಟ್ ಹೋಗುತ್ತದೆ, ಎರಡನೆಯದರಲ್ಲಿ 6ರಲ್ಲಿ 1 ವೋಲ್ಟ್. ಪ್ರಮಾಣದಲ್ಲಿ ನಷ್ಟ ನಾಲ್ಕು ಪಟ್ಟು. 6 ವೋಲ್ಟಿನ ಜೀಪಿನ ಲೈಟು ಮಂಕು ಎಂಬ ದೂರಿಗೆ ಎಷ್ಟೋ ಸಲ ಬಲ್ಬು ಕಾರಣವೇ ಅಲ್ಲ. ಇಂಥ ಗಾಡಿಗೆ ತೆಳುವಾದ ಬ್ಯಾಟರಿ ಕೇಬಲ್ ಹಾಕುವುದು ದೊಡ್ಡ ತಪ್ಪು.

ಚಾರ್ಜಿಂಗ್ ದೋಷಕ್ಕೆ ಡ್ಯಾಶ್‌ಬೋರ್ಡಿನ ಆಮ್‌ಮೀಟರ್ ಒಳ್ಳೆಯ ಸಾಕ್ಷಿ. ಹಳೆ ಜೀಪುಗಳಲ್ಲಿ ಆಲ್ಟರ್ನೇಟರ್ ಅಲ್ಲ, ಡೈನಮೊ ಇರುತ್ತದೆ. ಐಡ್ಲಿಂಗಿನಲ್ಲಿ ಅದು ಚಾರ್ಜ್ ಕೊಡದಿರುವುದು ಸಹಜ. ರೇಸ್ ಮಾಡಿದಾಗಲೂ ಮುಳ್ಳು ಅಲುಗದಿದ್ದರೆ ಕೆಟ್ಟಿರುವುದು ಡೈನಮೊವೋ ಕಟೌಟ್-ರೆಗ್ಯುಲೇಟರೋ ಎಂಬುದನ್ನು ಬೇರ್ಪಡಿಸಬೇಕು. ಇಲ್ಲಿ ಒಂದು ಎಚ್ಚರ. ಲೂಕಾಸ್ ಡೈನಮೊಗಳಲ್ಲಿ ಫೀಲ್ಡ್ ಸುರುಳಿಯ ಕೊನೆ ಒಳಗೇ ಅರ್ತ್ ಆಗಿರುತ್ತದೆ; ಪರೀಕ್ಷೆಗೆ ಅದರ ಎರಡೂ ವಯರು ಕಳಚಿ ಡಿ ಮತ್ತು ಎಫ್ ಟರ್ಮಿನಲ್ ಒಟ್ಟು ಸೇರಿಸಿ, ಅಲ್ಲಿಂದ ಅರ್ತ್‌ಗೆ ವೋಲ್ಟ್ ನೋಡುತ್ತ ಎಂಜಿನ್ ನಿಧಾನವಾಗಿ ಏರಿಸಬೇಕು. ವೋಲ್ಟೇಜು ಚುರುಕಾಗಿ ಏರಿದರೆ ಡೈನಮೊ ಸರಿಯಿದೆ, ರೆಗ್ಯುಲೇಟರಿನತ್ತ ನೋಡಬೇಕು. ಅಮೆರಿಕದ ಆಟೋ-ಲೈಟ್ ಡೈನಮೊಗಳಲ್ಲಿ ಫೀಲ್ಡ್ ಅರ್ತ್ ಆಗುವುದು ಹೊರಗೆ, ರೆಗ್ಯುಲೇಟರಿನ ಮೂಲಕ; ಅಲ್ಲಿ ಎಫ್ ಟರ್ಮಿನಲನ್ನು ಅರ್ತ್‌ಗೆ ಮುಟ್ಟಿಸಿ ಪರೀಕ್ಷಿಸಬೇಕು. ಒಂದರ ಪರೀಕ್ಷೆಯನ್ನು ಇನ್ನೊಂದಕ್ಕೆ ಮಾಡಿದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಎರಡೂ ಜಾತಿಯ ಬಿಡಿಭಾಗಗಳು ಒಂದೇ ಗಾಡಿಯಲ್ಲಿ ಬೆರೆತಿರುವುದೂ ಉಂಟು. ಮೊದಲು ಯಾವುದು ಯಾವುದೆಂದು ಗುರುತಿಸಿಕೊಳ್ಳಬೇಕು. ಡೈನಮೊ ಬಿಚ್ಚಿ ಕೂರಿಸಿದ ಮೇಲೆ ಫೀಲ್ಡಿನಲ್ಲಿ ಉಳಿದ ಅಯಸ್ಕಾಂತದ ದಿಕ್ಕು ಬ್ಯಾಟರಿಗೆ ಹೊಂದುವಂತೆ ಕ್ಷಣಮಾತ್ರ ಕರೆಂಟು ಮುಟ್ಟಿಸಿ ಪೋಲರೈಸ್ ಮಾಡುವುದನ್ನು ಬಿಡಬಾರದು.

ಪೆಟ್ರೋಲ್ ಜೀಪುಗಳಲ್ಲಿ ಇಗ್ನಿಷನ್ನಿನ ದೋಷಗಳು ಬಹುತೇಕ ಪಾಯಿಂಟು, ಕಂಡೆನ್ಸರು, ಕಾಯಿಲುಗಳಲ್ಲಿ ಮುಗಿಯುತ್ತವೆ. ಪಾಯಿಂಟು ಬೇಗ ಸುಟ್ಟು ಗುಳಿ ಬಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ. ಬಿಸಿಯಾದ ಮೇಲೆ ನಿಂತು ತಣ್ಣಗಾದ ಮೇಲೆ ಹೊರಡುವ ಎಂಜಿನ್ನಿನಲ್ಲಿ ಕಾಯಿಲಿನ ಮೇಲೂ. ಮಲೆನಾಡಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಕೂರುವುದು ಇವೆಲ್ಲಕ್ಕಿಂತ ಸಾಮಾನ್ಯ.

ಎರಡನೆಯ ದಾರಿಗೆ ಮೀಟರಿಲ್ಲ, ಕಿವಿಯೇ ಸಾಧನ. ಸದ್ದು ಎಷ್ಟು ಜೋರು ಎಂಬುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮುಖ್ಯ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದ್ದು ಕ್ಲಚ್ ಒತ್ತಿದಾಗ ಮಾತ್ರ ಸದ್ದಾದರೆ ರಿಲೀಸ್ ಬೇರಿಂಗು. ಒತ್ತಿದಾಗ ನಿಂತು ಬಿಟ್ಟಾಗ ಬಂದರೆ ಗೇರ್ ಬಾಕ್ಸಿನ ಇನ್‌ಪುಟ್ ಬೇರಿಂಗು ಅಥವಾ ಕೌಂಟರ್ ಶಾಫ್ಟು. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಕ್ಲಚ್ ಪ್ಲೇಟನ್ನೇ ದೂರಬೇಕಿಲ್ಲ: ರಬ್ಬರ್ ಮೌಂಟಿಂಗು ಸತ್ತಿರಬಹುದು, ವಿಲ್ಲಿಸ್‌ನಲ್ಲಿ ಎಂಜಿನ್ ಹಿಂದೆ ಮುಂದೆ ಜರುಗದಂತೆ ಹಿಡಿಯುವ ಕೇಬಲ್ ಸಡಿಲಾಗಿರಬಹುದು. ಗೇರ್ ಬಾಕ್ಸ್ ಇಳಿಸುವುದು ಅರ್ಧ ದಿನದ ಶ್ರಮ; ಮೌಂಟಿಂಗ್ ನೋಡಲು ಒಂದು ಟಾರ್ಚು ಸಾಕು.

ಸಿಜೆ ಜೀಪುಗಳ ಟಿ-90 ಗೇರ್ ಬಾಕ್ಸಿಗೆ ಮೂರು ಗೇರು. ಮೊದಲನೆಯದಕ್ಕೆ ಸಿಂಕ್ರೊಮೆಶ್ ಇಲ್ಲ, ಚಲಿಸುವಾಗ ಅದಕ್ಕೆ ಹಾಕಿದರೆ ಕರಕರ ಎನ್ನುವುದು ದೋಷವಲ್ಲ. ಮೂರನೆಯ ಗೇರಿನಲ್ಲಿ ಬಲ ನೇರವಾಗಿ ದಾಟುತ್ತದೆ, ಕೌಂಟರ್ ಶಾಫ್ಟಿನ ಮೇಲೆ ಭಾರವಿಲ್ಲ. ಒಂದು, ಎರಡರಲ್ಲಿ ಬರುವ ಸದ್ದು ಮೂರರಲ್ಲಿ ಅಡಗಿದರೆ ಕೌಂಟರ್ ಶಾಫ್ಟಿನ ಕಡೆಯೇ ಹುಡುಕಬೇಕು.

ಈ ಗೇರ್ ಬಾಕ್ಸಿನ ಹೆಸರಾದ ಕಾಯಿಲೆ ಎರಡನೆಯ ಗೇರು ತಾನಾಗಿ ಕಳಚಿಕೊಳ್ಳುವುದು. ಘಾಟಿ ಇಳಿಯುವಾಗ ಆಕ್ಸಲರೇಟರ್ ಬಿಟ್ಟ ಕೂಡಲೇ ಗೇರು ಹೊರಗೆ ಬಂದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ಕೈಯಲ್ಲಿ ಲಿವರ್ ಒತ್ತಿ ಹಿಡಿದು ಓಡಿಸುವ ಅಭ್ಯಾಸ ಅಪಾಯಕರ. ಕಾರಣ ಹುಡುಕುವಾಗ ಅಗ್ಗದ್ದರಿಂದ ಆರಂಭಿಸಬೇಕು: ಮೇಲಿನ ಮುಚ್ಚಳದಲ್ಲಿ ಲಿವರಿನ ಸ್ಥಾನ ಹಿಡಿಯುವ ಗುಂಡು ಮತ್ತು ಸ್ಪ್ರಿಂಗು, ಬಾಗಿದ ಫೋರ್ಕು, ಸಡಿಲವಾದ ಬೆಲ್ ಹೌಸಿಂಗ್ ಬೋಲ್ಟು. ಅವೆಲ್ಲ ಸರಿಯಿದ್ದರೆ ಮಾತ್ರ ಒಳಗಿನ ಬೇರಿಂಗು, ಸವೆದ ಸಿಂಕ್ರೊ ಹಬ್ಬು.

ಅದರ ಬೆನ್ನಿಗಿರುವ ಸ್ಪೈಸರ್-18 ಟ್ರಾನ್ಸ್‌ಫರ್ ಕೇಸಿನಲ್ಲಿ ಬಲ ಯಾವಾಗಲೂ ನಡುವಿನ ಗೇರಿನ ಮೂಲಕವೇ ಹೋಗುತ್ತದೆ. ಆದ್ದರಿಂದ ಹದವಾದ ಕೊಯ್‌ಗುಡುವಿಕೆ ಅದರ ಸಹಜ ದನಿ. ಇದಕ್ಕೆ ತನ್ನದೇ ನ್ಯೂಟ್ರಲ್ ಇರುವುದು ದೋಷ ಹುಡುಕುವವನಿಗೆ ದೊಡ್ಡ ವರ. ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲಿಗೆ ಹಾಕಿ ಗೇರ್ ಬಾಕ್ಸನ್ನು ಗೇರಿಗೆ ಹಾಕಿದರೆ ಎಂಜಿನ್ ಕಡೆಯ ಅರ್ಧ ಮಾತ್ರ ತಿರುಗುತ್ತದೆ. ಸದ್ದು ಆಗಲೂ ಬಂದರೆ ದೋಷ ಈಚೆಗೆ. ಬಾರದಿದ್ದರೆ ಭಾರ ಬಿದ್ದಾಗ ಮಾತ್ರ ಕೇಳುವ ಸದ್ದೋ, ಶಾಫ್ಟು-ಹೌಸಿಂಗಿನದೋ ಎಂದು ರಸ್ತೆಯಲ್ಲಿ ನೋಡಬೇಕು.

ಇವೆರಡರ ನಡುವೆ ಎಣ್ಣೆ ಜಾರುವುದು ಇನ್ನೊಂದು ಹಳೆಯ ತೊಂದರೆ. ಗೇರ್ ಬಾಕ್ಸಿನ ಎಣ್ಣೆ ಟ್ರಾನ್ಸ್‌ಫರ್ ಕೇಸಿಗೆ ಇಳಿದು ಅಲ್ಲಿ ಹೆಚ್ಚಾಗಿ, ಇಲ್ಲಿ ಬರಿದಾಗುತ್ತದೆ. ಹೆಚ್ಚಾದ ಎಣ್ಣೆ ಹಿಂದಿನ ಸೀಲಿನಿಂದ ಸೋರಿ ಅಲ್ಲೇ ಇರುವ ಹ್ಯಾಂಡ್ ಬ್ರೇಕ್ ಡ್ರಮ್ಮಿಗೆ ತಾಗುತ್ತದೆ. ಹ್ಯಾಂಡ್ ಬ್ರೇಕ್ ನಿಲ್ಲುತ್ತಿಲ್ಲ ಎಂದು ಬಂದ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಗೇರ್ ಬಾಕ್ಸಿನ ಎಣ್ಣೆ ಮಟ್ಟ. ಬರಿದಾದ ಗೇರ್ ಬಾಕ್ಸ್ ಸದ್ದಿಲ್ಲದೆ ಸವೆಯುತ್ತಿರುತ್ತದೆ.

ಗೇರ್ ಹಾಕಿ ಹೊರಟ ಕ್ಷಣ ಟಕ್ ಎಂದು ಬಡಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿದರೆ ಸಡಿಲ ತಿಳಿಯುತ್ತದೆ. ಕ್ರಾಸು ಬದಲಿಸಿದ ಮೇಲೆ ಹೊಸದಾಗಿ ಅದುರು ಶುರುವಾದರೆ ಸ್ಲಿಪ್ ಜಾಯಿಂಟಿನ ಬಾಣದ ಗುರುತು ಎದುರುಬದುರಾಗಿ ಕೂತಿಲ್ಲ. ಹಿಂದಿನ ಹೌಸಿಂಗಿನಲ್ಲಿ ವೇಗ ಕೊಟ್ಟಾಗ ಕೊಯ್‌ಗುಟ್ಟಿದರೆ ಕ್ರೌನ್-ಪಿನಿಯನ್ನಿನ ಹೊಂದಿಕೆ, ತಿರುವಿನಲ್ಲಿ ಮಾತ್ರ ಸದ್ದಾದರೆ ಡಿಫರೆನ್ಷಿಯಲ್ಲಿನ ಒಳಗೇರು ಅಥವಾ ಚಕ್ರದ ಬೇರಿಂಗು. ಹಳ್ಳ ದಾಟುವ ಗಾಡಿಗಳಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಉಸಿರು ನಳಿಕೆ ಮಣ್ಣಿನಿಂದ ಮುಚ್ಚಿಹೋಗಿದೆಯೇ ನೋಡಬೇಕು.

ಮುಂದಿನ ಚಕ್ರಕ್ಕೆ ಬಲ ಕೊಟ್ಟ ಲಿವರ್ ವಾಪಸು ಬಾರದಿದ್ದರೆ ಲಿವರ್ ಕೆಟ್ಟಿದೆ ಎಂದುಕೊಂಡು ಬಲ ಹಾಕಬಾರದು. ಈ ಜೀಪುಗಳಲ್ಲಿ ಮುಂದು-ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಟಾರು ರಸ್ತೆಯಲ್ಲಿ ಫೋರ್ ವೀಲಿನಲ್ಲಿ ಓಡಿಸಿದರೆ ತಿರುವುಗಳಲ್ಲಿ ಚಕ್ರಗಳ ವೇಗದ ವ್ಯತ್ಯಾಸ ಶಾಫ್ಟುಗಳಲ್ಲಿ ಬಿಗಿದುಕೊಳ್ಳುತ್ತದೆ. ನಾಲ್ಕಾರು ಅಡಿ ಹಿಂದಕ್ಕೆ ಸರಿಸಿದರೆ ಬಿಗಿ ಬಿಟ್ಟು ಲಿವರ್ ಸಲೀಸಾಗಿ ಬರುತ್ತದೆ. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದ ಗಾಡಿಯಲ್ಲಿ ನೇರ ರಸ್ತೆಯಲ್ಲೂ ಇದೇ ಆಗುತ್ತದೆ. ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಮೊದಲು ನಾಲ್ಕೂ ಟೈರುಗಳ ಸುತ್ತಳತೆಯನ್ನು ಟೇಪು ಹಿಡಿದು ಅಳೆದು ನೋಡಬೇಕು.