ಹಳೇ ಲೇತ್ ಕೊಳ್ಳುವ ಮುಂಚೆ

ಅಕ್ಟೋಬರ್ ಚಾಟ್ನಿ ಮುಗಿದು ದ್ರಾಕ್ಷಿ ಚಿಗುರಿದ ಹೊತ್ತು. ಎರಡು ದಿನದಿಂದ ಜಿಟಿಜಿಟಿ ಮಳೆ. ಡೌನಿ ಬರುವ ಮುಂಚೆ ಔಷಧ ಹೊಡೀಬೇಕು. ಆ ದಿನವೇ ನನ್ನ ಬ್ಲೋವರ್ ಗಡಗಡ ಅಂತು. ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಸವೆದಿತ್ತು. ತೊರವಿಯಿಂದ ವಿಜಯಪುರ ಹತ್ತಿರವೇ, ಆದರೆ ಲೇತ್ ಅಂಗಡಿಯಲ್ಲಿ ನನಗಿಂತ ಮುಂದೆ ಹತ್ತು ಮಂದಿ. ಶಾಫ್ಟ್ ಕೈಗೆ ಬರಲು ಮೂರು ದಿನ. ಅಷ್ಟರಲ್ಲಿ ಅರ್ಧ ಎಕರೆ ಗೊನೆ ಹೋಯಿತು.

ನಾವು ನಾಲ್ಕು ಮಂದಿ ಕೂಡಿ ಒಂದು ಹಳೇ ಲೇತ್ ತಗೊಳ್ಳೋಣ ಅಂದ್ವಿ. ನಮ್ಮೊಳಗಿನ ಕಾಕಾ ಒಬ್ಬರು ಹಿಂದೊಮ್ಮೆ ಹೊಸ ಬಣ್ಣಕ್ಕೆ ಮರುಳಾಗಿ ಒಂದನ್ನು ತಂದು ಗುಜರಿಗೆ ಹಾಕಿದವರು. "ಈ ಸಲ ಬರಕೊಂಡು ಹೋಗೂಣು" ಅಂದವರು ಅವರೇ. ವಯಸ್ಸಾದ ಟರ್ನರ್ ಒಬ್ಬರನ್ನು ತೋಟಕ್ಕೆ ಕರೆದ್ವಿ. ಅವರು ಹೇಳೋದು, ನಾನು ಬರೆಯೋದು, ತಿಳಿಯದಿದ್ದಲ್ಲಿ ಕಾಕಾ "ನಮ್ಮ ಭಾಷಾದಾಗ ಹೇಳ್ರಿ" ಅಂತ ತಡೆಯೋದು. ಟರ್ನರ್‌ಗೆ ಸಿಟ್ಟೂ ಬಂತು. ನಾಲ್ಕು ಪುಟ ತಿಳಿಯಾದದ್ದು ಆ ಜಗಳದಿಂದಲೇ.

ಟರ್ನರ್ ಮೊದಲು ಕೇಳಿದ್ದು ನಮ್ಮ ಮುರಿದ ಸಾಮಾನು. ಚೀಲದಲ್ಲಿ ತಂದು ಸುರಿದ್ವಿ. ಎಲ್ಲಕ್ಕಿಂತ ಉದ್ದದ ಶಾಫ್ಟ್ ಎರಡೂವರೆ ಅಡಿ, ದೊಡ್ಡ ಪುಲ್ಲಿ 14 ಇಂಚು. ಅಂಗಡಿಯವರು 'ಆರಡಿ ಲೇತ್' ಅನ್ನೋದು ಬೆಡ್ಡಿನ ಉದ್ದಕ್ಕೆ. ಹೆಡ್‌ಸ್ಟಾಕ್, ಟೇಲ್‌ಸ್ಟಾಕ್ ಕೂತ ಮೇಲೆ ನಡುವೆ ಉಳಿಯೋದು ಮೂರಡಿಯ ಆಸುಪಾಸು. ಅದನ್ನು ನಾವೇ ಟೇಪ್ ಹಿಡಿದು ಅಳೀಬೇಕು. 14 ಇಂಚಿನ ಪುಲ್ಲಿ ತಿರುಗಬೇಕಾದರೆ ಸೆಂಟರ್ ಬೆಡ್ಡಿನಿಂದ 7 ಇಂಚಿಗಿಂತ ಮೇಲಿರಬೇಕು. ಸವೆದ ಶಾಫ್ಟ್ ಸರಿಯಾಗಿ ದುಂಡಗಿರುವುದಿಲ್ಲ. ಆದ್ದರಿಂದ ಟ್ರೂ ಚಕ್ ಒಂದೇ ಸಾಲದು, ನಾಲ್ಕು ದವಡೆ ಬೇರೆ ಬೇರೆ ಸರಿಯುವ ಡಾಗ್ ಚಕ್ಕೂ ಬೇಕು.

ಕಾಕಾ ಮೋಸ ಹೋದದ್ದು ಬೆಡ್ಡಿನಲ್ಲಿ. ಹೆಚ್ಚು ಕೆಲಸ ಚಕ್ಕಿನ ಹತ್ತಿರ ನಡೆಯುವುದರಿಂದ ಅಲ್ಲೇ ಸವಕಳಿ ಜಾಸ್ತಿ. ಪರೀಕ್ಷೆ ಹೀಗೆ: ಕ್ಯಾರೇಜನ್ನು ಚಕ್ಕಿನ ಬಳಿ ತುಸು ಬಿಗಿ ಮಾಡಿ ಟೇಲ್‌ಸ್ಟಾಕ್ ಕಡೆ ತಿರುಗಿಸಿ. ಹೋಗ್ತಾ ಹೋಗ್ತಾ ಸಿಕ್ಕಿಕೊಂಡರೆ ಬೆಡ್ ತಿಂದುಹೋಗಿದೆ. ಆಮೇಲೆ ಒಂದೂವರೆ ಇಂಚಿನ ಸರಳೊಂದನ್ನು ಚಕ್ಕಿನಿಂದ ನಾಲ್ಕು ಇಂಚು ಹೊರಗೆ ಬಿಟ್ಟು ತೆಳ್ಳಗೆ ಕತ್ತರಿಸಿ, ಎರಡೂ ತುದಿ ಮೈಕ್ರೋಮೀಟರಿನಿಂದ ಅಳೆಯಿರಿ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ವ್ಯತ್ಯಾಸ ಬಂದರೂ ಬೇರಿಂಗಿನ ಕೆಲಸಕ್ಕೆ ತೊಂದರೆ. ಮಷೀನು ಓಡಿಸಿ ತೋರಿಸಲು ಒಪ್ಪದವರ ಹತ್ತಿರ ಚಹಾ ಕುಡಿದು ಎದ್ದು ಬರೋದೇ ವಾಸಿ.

ಥ್ರೆಡ್ ಹಾಕುವ ಬದಲಿ ಗೇರುಗಳನ್ನು ಎಣಿಸಿಕೊಳ್ಳಿ, ಅವೇ ಕಳೆದಿರ್ತಾವ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, ಇವುಗಳ ಹಳೇ ಲೇತ್ ಗಟ್ಟಿ ಎಂಬುದು ಟರ್ನರ್ ಮಾತು. ಹರಿಹರದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಒಡೆದ ಗೇರನ್ನು ಎಲ್ಲಿ ಮಾಡಿಸೋದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಕರೆಂಟಿನದು ಬೇರೆ ಕಥೆ. ತೋಟದ ತ್ರೀಫೇಸ್ ಇರೋದು ಕೆಲವೇ ತಾಸು, ಅದೂ ಪಂಪಿಗೆ. ಬೇರೆ ಮೀಟರ್ ಖರ್ಚನ್ನೂ ಲೆಕ್ಕಕ್ಕೆ ಹಿಡೀರಿ. ಹೆಗಲ ಮೇಲಿನ ಟವೆಲ್ ಮಾತ್ರ ಹೊರಗಿಟ್ಟು ಬರ್ರಿ, ಚಕ್ ಎಳೆದುಕೊಂಡರೆ ಬಿಡೋದಿಲ್ಲ.

ಈ ಪುಟ ಹಿಡಿದು ಎರಡು ಲೇತ್ ನೋಡಿದ್ವಿ, ಎರಡನ್ನೂ ಬಿಟ್ಟು ಬಂದ್ವಿ. ಚಾಟ್ನಿಗೆ ಇನ್ನೂ ಎರಡು ತಿಂಗಳದ. ಬರುವ ಸೋಮವಾರ ಮೂರನೆಯದು ನೋಡಲು ಹೊರಟಿದ್ದೀವಿ, ಟರ್ನರೂ ಬರ್ತೀನಿ ಅಂದಾರ.