ಮೊಲದ ತೂಕ, ಮೇವು, ಮೈಶಾಖ

ಕಳೆದ ಪುಷ್ಯಮಾಸದ ಒಂದು ಮುಂಜಾನೆ, ನಮ್ಮ ವಿದ್ಯಾರ್ಥಿಯೊಬ್ಬನ ಕರೆ ಬಂದುದರಿಂದ ನಾವು ಕೊಳ್ಳೇಗಾಲದಿಂದ ಕುಂತೂರಿಗೆ ಹೋಗಬೇಕಾಯಿತು. ಅವನ ಮನೆಯ ಹಿತ್ತಿಲಲ್ಲಿ ಸಾಕಿದ್ದ ಬಿಳಿಯ ಮೊಲವು ಹಿಂದಿನ ದಿನ ಆರು ಮರಿಗಳನ್ನು ಹಾಕಿತ್ತು. ಐದು ಮರಿಗಳು ಗೂಡಿನ ತುಪ್ಪಳದೊಳಗೆ ಹುದುಗಿಕೊಂಡಿದ್ದುವು. ಆರನೆಯದು ಹೊರಗೆ ಬಿದ್ದು, ಕಲ್ಲಿನಂತೆ ತಣ್ಣಗಾಗಿ ಮಲಗಿತ್ತು. “ಅದರ ಕತೆ ಮುಗೀತು, ಬುಡು ಮಗ” ಎಂದು ಅಜ್ಜಿ ಹೇಳುತ್ತಿದ್ದರು. ಹುಡುಗನಾದರೋ ಹಾಲಿನ ಲೋಟ ಹಿಡಿದು, “ಸಾರ್, ಎರಡು ತೊಟ್ಟು ಕುಡಿಸಿಬಿಡಲೇ?” ಎಂದು ಕೇಳಿದನು.

ಕೂಡದೆಂದೆವು. ತಣ್ಣಗಾದ ದೇಹದಲ್ಲಿ ಕರುಳು ಕೆಲಸ ಮಾಡದು. ಬಾಯಿಗೆ ಬಿಟ್ಟ ಹಾಲು ಶ್ವಾಸಕೋಶಕ್ಕೆ ಇಳಿದರೆ ಇದ್ದ ಪ್ರಾಣವೂ ಹೋಗುವುದು. ಮೊದಲು ಶಾಖ, ಅನಂತರ ಹಾಲು. ಬೆಚ್ಚನೆಯ ನೀರು ತುಂಬಿದ ಸೀಸೆಗೆ ದಪ್ಪ ಬಟ್ಟೆ ಸುತ್ತಿ, ಮರಿಯನ್ನು ಅದರ ಮಗ್ಗುಲಲ್ಲಿ ಮಲಗಿಸಿದೆವು. ಅರ್ಧ ಲೀಟರು ನೀರು 50 ಡಿಗ್ರಿ ಸೆಂಟಿಗ್ರೇಡಿನಿಂದ 35 ಡಿಗ್ರಿಗೆ ಇಳಿಯುವಾಗ 7,500 ಕ್ಯಾಲೊರಿಗಳಷ್ಟು ಶಾಖವನ್ನು ಹೊರಗೆಡಹುವುದು ಎಂಬುದು ನಮ್ಮ ವಾಚಕರಿಗೆ ತಿಳಿದ ಲೆಕ್ಕವೇ ಸರಿ. ಆ ಶಾಖದ ಅತ್ಯಲ್ಪ ಭಾಗ ಸಾಕಾಯಿತು. ಸುಮಾರು ಅರ್ಧ ಗಂಟೆಯಲ್ಲಿ ಮರಿಯ ಹಿಂಗಾಲು ಅದುರಿತು. ಮತ್ತಷ್ಟು ಹೊತ್ತಿನಲ್ಲಿ ಅದು ಹೊರಳಿತು. ಮೈ ಪೂರ್ತಿ ಬೆಚ್ಚಗಾದ ಮೇಲೆ ಅದನ್ನು ಒಡಹುಟ್ಟಿದವುಗಳ ನಡುವೆ ಇಟ್ಟೆವು.

ತಾಯಿಮೊಲದ ಮೇಲೆ ಮನೆಯವರಿಗೆ ಕೋಪವಿತ್ತು. ಆದರೆ ಅದರ ತಪ್ಪೇನೂ ಇಲ್ಲ. ಮೊಲವು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ ಮಾತ್ರ, ಹಾಲೂಡಿಸಿ ದೂರ ಸರಿಯುವುದು. ಗೂಡಿನ ಬಳಿ ಹೆಚ್ಚು ಸುಳಿದಾಡಿ ಶತ್ರುವಿಗೆ ದಾರಿ ತೋರಿಸದಿರುವ ಉಪಾಯವಿದು. ಮೊಲೆ ಬಿಡದ ಮರಿ ತಾಯಿ ನೆಗೆದಾಗ ಅದರೊಡನೆ ಹೊರಬೀಳುವುದುಂಟು. ಬೆಕ್ಕಿನಂತೆ ಬಾಯಲ್ಲಿ ಕಚ್ಚಿ ಮರಿಯನ್ನು ಗೂಡಿಗೆ ತರುವ ಅಭ್ಯಾಸ ಮೊಲಕ್ಕಿಲ್ಲ.

ಸಣ್ಣ ಮೈ, ದೊಡ್ಡ ಖರ್ಚು

ಮರಿ ಇಷ್ಟು ಬೇಗನೆ ತಣ್ಣಗಾಗುವುದೇಕೆ? ದೇಹವು ಶಾಖವನ್ನು ಕಳೆದುಕೊಳ್ಳುವುದು ಹೊರಮೈಯ ಮೂಲಕ. ಒಂದು ಸೆಂಟಿಮೀಟರ್ ಅಂಚುಳ್ಳ ಎಂಟು ಘನಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಅವುಗಳ ಒಟ್ಟು ಹೊರಮೈ 48 ಚದರ ಸೆಂಟಿಮೀಟರ್. ಅವನ್ನೇ ಜೋಡಿಸಿ ಎರಡು ಸೆಂಟಿಮೀಟರ್ ಅಂಚಿನ ಒಂದು ಘನವನ್ನಾಗಿ ಮಾಡಿದರೆ ಹೊರಮೈ 24 ಮಾತ್ರ. ದ್ರವ್ಯ ಅಷ್ಟೇ, ಗಾಳಿಗೆ ಒಡ್ಡಿದ ಮೈ ಅರ್ಧ. ಮರಿಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿ ಮಲಗುವುದರ ರಹಸ್ಯ ಇದೇ. ಗುಂಪಿನಿಂದ ಹೊರಬಿದ್ದ ಮರಿ ತನ್ನ ಹೊರಮೈ ಪೂರ್ತಿಯನ್ನು ಚಳಿಗೆ ಒಪ್ಪಿಸಿದಂತಾಯಿತು. 2 ಕಿಲೋಗ್ರಾಂ ತೂಗುವ ತಾಯಿಗೂ 50 ಗ್ರಾಂ ತೂಗುವ ಮರಿಗೂ ಒಂದೇ ಆಕಾರವೆಂದು ಭಾವಿಸಿದರೆ, ಪ್ರತಿ ಗ್ರಾಂ ತೂಕಕ್ಕೆ ಮರಿಯ ಹೊರಮೈ ತಾಯಿಯದರ ಸುಮಾರು ಮೂರೂವರೆಯಷ್ಟಿರುವುದು. ಮೇಲಾಗಿ ಅದಕ್ಕೆ ತುಪ್ಪಳವೇ ಇಲ್ಲ.

ಪ್ರಾಣಿಯ ಶಾಖವನ್ನು ಅಳೆಯಬಹುದೆಂದು 1782–83ರ ಚಳಿಗಾಲದಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ತೋರಿಸಿದರು. ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿ ಗಿನಿಹಂದಿಯೊಂದನ್ನಿಟ್ಟು, ಕರಗಿದ ನೀರನ್ನು ತೂಗಿ, ಉಸಿರಾಟವು ಒಂದು ಬಗೆಯ ದಹನವೆಂದು ಅವರು ಸಾರಿದರು. ಪ್ರಾಣಿಯ ಮೂಲ ಶಾಖೋತ್ಪತ್ತಿ ಅದರ ತೂಕದ ಮುಕ್ಕಾಲು ಘಾತವನ್ನು ಅನುಸರಿಸುವುದೆಂದು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಕಂಡುಕೊಂಡನು. ಆ ಸೂತ್ರದಂತೆ 2 ಕಿಲೋಗ್ರಾಂ ಮೊಲ ವಿಶ್ರಾಂತಿಯಲ್ಲಿದ್ದಾಗಲೂ ಆರು ವಾಟ್‌ಗಳಿಗೆ ತುಸು ಕಡಮೆ ಶಾಖವನ್ನು ಸೂಸುತ್ತಿರುವುದು. ಕಿಲೋಗ್ರಾಂ ಒಂದಕ್ಕೆ ಲೆಕ್ಕ ಹಾಕಿದರೆ, ಇದು 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯ ಖರ್ಚಿನ ಇಮ್ಮಡಿಗೂ ಹೆಚ್ಚು.

ನವಜಾತ ಮರಿಗೆ ಭುಜಗಳ ನಡುವೆ ಕಂದು ಬಣ್ಣದ ವಿಶಿಷ್ಟ ಕೊಬ್ಬಿದೆ. ನಡುಕವಿಲ್ಲದೆ ಉರಿದು ಶಾಖವಾಗುವ ಸೌದೆ ಅದು. ಹಾಲು ಸಿಗದಿದ್ದರೆ ಆ ಸೌದೆ ಬೇಗನೆ ತೀರುವುದು. ಹಾಗಾಗಿ ತೂಕ, ಮೇವು, ಶಾಖ ಇವು ಮೂರು ಬೇರೆ ಬೇರೆ ವಿಷಯಗಳಲ್ಲ, ಒಂದೇ ಜಮಾಖರ್ಚಿನ ಮೂರು ಕಲಮುಗಳು. ಮೇವು ಜಮೆ, ಶಾಖ ಖರ್ಚು; ತೂಕವು ಉಳಿಕೆ.

ತಕ್ಕಡಿಯ ಸಾಕ್ಷ್ಯ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಂದು ನಾವು ತಣ್ಣಗಾಗಿದ್ದ ಮರಿಯನ್ನು ಮಾತ್ರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು: 46 ಗ್ರಾಂ. ಹುಡುಗನು ದಿನವೂ ಅದನ್ನೇ ತೂಗಿದನು. ಮರುದಿನ 52, ಅದರ ಮರುದಿನ 59. ನಮಗೆಲ್ಲ ಸಂತೋಷವಾಯಿತು. ಉಳಿದ ಐದು ಮರಿಗಳು ಕಣ್ಣಿಗೆ ಚೆನ್ನಾಗಿಯೇ ಕಂಡುದರಿಂದ ಅವನ್ನು ತೂಗುವಂತೆ ನಾವು ಹೇಳಲಿಲ್ಲ. ನಾಲ್ಕನೆಯ ಮುಂಜಾನೆ ಆ ಐದರಲ್ಲಿ ಒಂದು ಗೂಡಿನ ನಡುವೆಯೇ ಸತ್ತಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಬಲಿಷ್ಠ ಮರಿಗಳ ನೂಕಾಟದಲ್ಲಿ ಅದಕ್ಕೆ ಮೊಲೆ ದೊರೆತಿರಲಿಲ್ಲ. ತೂಗಿದ್ದರೆ ಎರಡನೆಯ ದಿನವೇ ತಿಳಿಯುತ್ತಿತ್ತು. ಆ ಮರಿಯೊಂದನ್ನೇ ಮೊದಲು ತಾಯಿಯ ಬಳಿ ಬಿಡಬಹುದಾಗಿತ್ತು.

ಮೊಲವು ಬೇಟೆಗೆ ಗುರಿಯಾಗುವ ಪ್ರಾಣಿ. ನೋವನ್ನು ತೋರಗೊಡದಿರುವುದು ಅದರ ಹುಟ್ಟುಗುಣ. ಆದಕಾರಣ ಕಣ್ಣಿನ ಸಾಕ್ಷ್ಯಕ್ಕಿಂತ ತಕ್ಕಡಿಯ ಸಾಕ್ಷ್ಯ ಮೇಲು. ಇಟಲಿಯ ವೈದ್ಯ ಸಾಂತೋರಿಯೊ ತನ್ನನ್ನೂ ತನ್ನ ಆಹಾರವನ್ನೂ ಬಹುವರ್ಷ ತೂಗಿ, 1614ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ನಮಗೆ ಅಷ್ಟು ತಾಳ್ಮೆ ಬೇಕಿಲ್ಲ. ಮರಿಗಳನ್ನು ದಿನಕ್ಕೊಮ್ಮೆ, ದೊಡ್ಡ ಮೊಲವನ್ನು ವಾರಕ್ಕೊಮ್ಮೆ ತೂಗಿದರೆ ಸಾಕು.

ಆದರೆ ಪ್ರಯೋಗಶಾಲೆಯ ಶಿಸ್ತು ಬೇಕು. ದಿನವೂ ಒಂದೇ ಹೊತ್ತಿನಲ್ಲಿ, ಮೇವು ಹಾಕುವ ಮುನ್ನ ತೂಗಬೇಕು. ಮರಿಗಳಾದರೆ ಹಾಲು ಕುಡಿಯುವ ಮುನ್ನ. ಮೊಲ ಕುಡಿದ 100 ಮಿಲಿಲೀಟರ್ ನೀರು ತಕ್ಕಡಿಗೆ 100 ಗ್ರಾಂ ಮಾಂಸದಂತೆಯೇ ತೋರುವುದಷ್ಟೆ! ಮೊಲವನ್ನು ಕುಕ್ಕೆಯಲ್ಲಿಟ್ಟು ತೂಗಿ, ಕುಕ್ಕೆಯ ತೂಕ ಕಳೆಯಬೇಕು. ಮೂರು ಸಲ ತೂಗಿ ಸರಾಸರಿ ತೆಗೆಯುವುದು ಉತ್ತಮ. ಒಂದು ದಿನದ ಅಂಕೆಗಿಂತ ಅಂಕೆಗಳ ಸಾಲು ಮುಖ್ಯ. ಆರೋಗ್ಯವಂತ ಮರಿಯ ತೂಕ ಸುಮಾರು ಒಂದು ವಾರದಲ್ಲಿ ಇಮ್ಮಡಿಯಾಗುವುದು. ಬೆಳೆದ ಮೊಲ ಕಾರಣವಿಲ್ಲದೆ ತೂಕದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡರೆ ಪಶುವೈದ್ಯರಿಗೆ ತೋರಿಸಲು ತಡಮಾಡಕೂಡದು.

ಮೇವಿನ ಲೆಕ್ಕ

ಚಿತ್ರಗಳಲ್ಲಿ ಮೊಲದ ಕೈಗೆ ಗಜ್ಜರಿ ಕೊಡುವುದು ವಾಡಿಕೆ. ನಿಜದಲ್ಲಿ ಗಜ್ಜರಿ ಸಕ್ಕರೆ ಹೆಚ್ಚಿರುವ ತಿಂಡಿ, ಚೂರು ಸಾಕು. ಮೊಲದ ಊಟ ಹುಲ್ಲು, ಅದರಲ್ಲಿಯೂ ಒಣಹುಲ್ಲು. ಅದರ ಬಾಚಿಹಲ್ಲುಗಳು ಜೀವನಪರ್ಯಂತ ವಾರಕ್ಕೆ ಸುಮಾರು ಎರಡು ಮಿಲಿಮೀಟರ್‌ನಂತೆ ಬೆಳೆಯುತ್ತಿರುವುವು. ದವಡೆಹಲ್ಲುಗಳೂ ಬೆಳೆಯುತ್ತಲೇ ಇರುವುವು. ನಾರುಳ್ಳ ಮೇವನ್ನು ಅಗಿದಗಿದೇ ಅವು ಸವೆಯಬೇಕು. ನಾರಿಲ್ಲದಿದ್ದರೆ ಕರುಳಿನ ಚಲನೆಯೂ ಕುಂದುವುದು. ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಹೇಸಬೇಕಾಗಿಲ್ಲ. ಕುರುಡುಕರುಳಿನಲ್ಲಿ ಸೂಕ್ಷ್ಮಜೀವಿಗಳು ಹುದುಗಿಸಿದ ಪ್ರೋಟೀನು, ಬಿ ಜೀವಸತ್ವಗಳು ಈ ಎರಡನೆಯ ಊಟದಿಂದ ದೇಹಕ್ಕೆ ಒದಗುವುವು. ಇಡೀ ದಿನ ಮೇವು ಮುಟ್ಟದ, ಹಿಕ್ಕೆ ಹಾಕದ ಮೊಲದ ಪ್ರಾಣ ಅಪಾಯದಲ್ಲಿದೆಯೆಂದೇ ತಿಳಿಯತಕ್ಕದ್ದು.

ರೇಷ್ಮೆಯ ಸೀಮೆಯಾದ ಕೊಳ್ಳೇಗಾಲದ ಸುತ್ತ ಹಿಪ್ಪುನೇರಳೆ ಸೊಪ್ಪು ಸುಲಭವಾಗಿ ದೊರೆಯುವುದು. ಪ್ರೋಟೀನು ಹೇರಳವಾಗಿರುವ ಈ ಸೊಪ್ಪನ್ನು ಹುಲ್ಲಿನ ಜೊತೆಗೆ ಮಿತವಾಗಿ ಕೊಡಬಹುದು. ಆದರೆ ಹುಳುವಿನ ತಟ್ಟೆಯಲ್ಲಿ ಉಳಿದುದನ್ನು ಹಾಕಬಾರದು. ಅದಕ್ಕೆ ಸುಣ್ಣವೂ ಸೋಂಕುನಾಶಕದ ಪುಡಿಯೂ ತಾಗಿರುವುವು.

ಚಳಿಗಿಂತ ಸೆಕೆ ಕಠಿಣ

ತುಪ್ಪಳ ಬಲಿತ ಮೊಲ ಚಳಿಯನ್ನು ತಾಳಬಲ್ಲದು. ಗಾಳಿಯ ಹೊಡೆತ ಮತ್ತು ತೇವ ತಾಗದಿದ್ದರಾಯಿತು. ಸೆಕೆಯನ್ನು ಮಾತ್ರ ತಾಳಲಾರದು. ಅದರ ಮೈಯ ತಾಪ ಸುಮಾರು 39 ಡಿಗ್ರಿ. ಮನುಷ್ಯನಂತೆ ಬೆವರಿ ತಂಪಾಗುವ ಶಕ್ತಿ ಅದಕ್ಕಿಲ್ಲ. ರಕ್ತನಾಳಗಳಿಂದ ತುಂಬಿದ ಅಗಲವಾದ ಕಿವಿಗಳೇ ಅದಕ್ಕೆ ಶಾಖವನ್ನು ಹೊರಚೆಲ್ಲುವ ಕಿಟಕಿಗಳು. ಸುತ್ತಲಿನ ಗಾಳಿಯ ತಾಪ ಮೈಯ ತಾಪವನ್ನು ಸಮೀಪಿಸಿದಂತೆ ಆ ಕಿಟಕಿಗಳೂ ಮುಚ್ಚಿದಂತಾಗುವುವು. 30 ಡಿಗ್ರಿ ದಾಟಿದರೆ ಎಚ್ಚರ ಬೇಕು. ಚೈತ್ರ ವೈಶಾಖಗಳಲ್ಲಿ ತಗಡಿನ ಚಾವಣಿಯ ಕೆಳಗೆ ಮೊಲವನ್ನಿಡುವುದು ಅದನ್ನು ಬಾಣಲೆಯಲ್ಲಿಟ್ಟಂತೆಯೇ ಸರಿ. ನೆರಳು, ಗಾಳಿ, ಬೇಕಾದಷ್ಟು ನೀರು, ಗೂಡಿನ ಮೇಲೆ ಒದ್ದೆ ಗೋಣಿ—ಇಷ್ಟು ಅವಶ್ಯ.

ಚಳಿಗಾಲದ ಮರಿಗೂಡಿಗೆ ಹಿಂದೆ ದೀಪದ ಬುರುಡೆ ತೂಗುಹಾಕುತ್ತಿದ್ದರು. ಇಂದಿನ ಎಲ್‌ಇಡಿ ದೀಪ ಬೆಳಕು ಕೊಡುವುದೇ ಹೊರತು ಹಳೆಯ ಬುರುಡೆಯಷ್ಟು ಶಾಖ ಕೊಡದು. ಅದನ್ನು ನಂಬಿ ಕೂರಬಾರದು. ತಾಪಮಾಪಕವನ್ನು ಗೂಡಿನೊಳಗೇ ಇಟ್ಟು ನೋಡಬೇಕು.

ಈ ಕಡೆಯ ಜನರಿಗೆ ಇದು ಹೊಸ ವಿದ್ಯೆಯಲ್ಲ. ಇಪ್ಪತ್ತೈದು ದಿನಗಳಲ್ಲಿ ತೂಕವನ್ನು ಹತ್ತು ಸಾವಿರ ಮಡಿ ಹೆಚ್ಚಿಸಿಕೊಳ್ಳುವ ರೇಷ್ಮೆಹುಳುವಿಗಾಗಿ ಹುಳುಮನೆಯ ಗೋಡೆಗೆ ತಾಪಮಾಪಕ ತೂಗುಹಾಕಿ, ಹೊತ್ತುಹೊತ್ತಿಗೆ ಸೊಪ್ಪು ಕೊಡುವವರು ಅವರು. ಆ ಜಾಗರೂಕತೆಯನ್ನು ಹಿತ್ತಿಲಿನ ಮೊಲಕ್ಕೂ ಸಲ್ಲಿಸಿದರಾಯಿತು. ಒಂದು ಮಾತು ಮಾತ್ರ: ಕಬ್ಬಿನ ಗದ್ದೆಯಲ್ಲಿ ಸಿಕ್ಕುವ ಕಾಡುಮೊಲದ ಮರಿಯನ್ನು ಮನೆಗೆ ತರಬೇಡಿ. ಅದು ಹುಟ್ಟುವಾಗಲೇ ತುಪ್ಪಳ ಹೊದ್ದು, ಕಣ್ಣು ತೆರೆದಿರುವ ಬೇರೊಂದು ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ.

ಮರಿ ಸತ್ತ ದಿನದಿಂದ ಹುಡುಗನು ಉಳಿದ ಐದನ್ನೂ ತೂಗಿದನು. ಒಂದೊಂದರ ಕಿವಿಗೂ ಮಸಿಯ ಗುರುತಿಟ್ಟು, ಪ್ರಯೋಗದ ಪುಸ್ತಕದಲ್ಲಿ ಆರು ಅಂಕಣಗಳನ್ನು ಎಳೆದನು. ಐದು ಅಂಕಣಗಳಲ್ಲಿ ಅಂಕೆಗಳು ಏರುತ್ತ ಹೋದುವು. 46 ಗ್ರಾಂ ಇದ್ದ ಮರಿ ಎಲ್ಲಕ್ಕಿಂತ ಹಗುರವಾಗಿಯೇ ಉಳಿದರೂ, ಐದನೆಯ ವಾರದಲ್ಲಿ ತಾಯಿಯ ಪಕ್ಕದಲ್ಲಿ ಕೂತು ಹುಲ್ಲು ಅಗಿಯತೊಡಗಿತು. ಆರನೆಯ ಅಂಕಣವನ್ನು ಏಕೆ ಬಿಟ್ಟಿರುವೆಯೆಂದು ಕೇಳಿದಾಗ ಅವನು, “ನಾವು ತೂಗದೆ ಬಿಟ್ಟದ್ದು, ಸಾರ್” ಎಂದನು.